ಮೇಲಿನ ಮನೆಯ ನೆಲ, ಕೆಳಗಿನ ಮನೆಯ ಸೂರು

ಸಿದ್ಧಾಂತಕ್ಕಾಗಿ ಜಗಳ ಆಡುವವರನ್ನು ನಾನು ಟೀವಿಯಲ್ಲಿ ಬಿಟ್ಟರೆ ಬೇರೆಲ್ಲೂ ಕಂಡಿಲ್ಲ. ಬೆಂಗಳೂರಿನ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಎಲ್ಲ ಪಕ್ಷದವರೂ ಇದ್ದಾರೆ, ಎಲ್ಲ ದೇವರ ಒಕ್ಕಲಿನವರೂ ಇದ್ದಾರೆ. ಭಾನುವಾರ ಮಟನ್ ಇಲ್ಲದಿದ್ದರೆ ಊಟ ಸೇರದವರು, ಈರುಳ್ಳಿಯನ್ನೂ ಒಳಗೆ ಬಿಟ್ಟುಕೊಳ್ಳದವರು ಎದುರುಬದುರು ಬಾಗಿಲಲ್ಲಿದ್ದಾರೆ. ಆ ಕಾರಣಕ್ಕೆ ಇವತ್ತಿನವರೆಗೆ ಒಬ್ಬರೂ ದನಿ ಎತ್ತಿಲ್ಲ. ಲಿಫ್ಟಿನಲ್ಲಿ ಸಿಕ್ಕರೆ ‘ತಿಂಡಿ ಆಯ್ತಾ ಸಾರ್?’ ಎನ್ನುತ್ತಾರೆ. ಆದರೆ ಒಬ್ಬರ ಸ್ಕೂಟರಿನ ಹಿಂದಿನ ಚಕ್ರ ಇನ್ನೊಬ್ಬರ ಹಳದಿ ಗೆರೆ ದಾಟಿ ಒಂದು ಗೇಣು ಬಂತೋ, ಕುರುಕ್ಷೇತ್ರ. ಎರಡು ಜಡೆ ಒಂದು ಕಡೆ ಸೇರುವುದಿಲ್ಲ ಎಂದು ಗಾದೆ ಕಟ್ಟಿದ ಗಂಡಸು ಯಾರೋ, ಅವನು ನಮ್ಮ ಬೇಸ್‌ಮೆಂಟಿಗೆ ಇಳಿದು ನೋಡಬೇಕಿತ್ತು. ಅಲ್ಲಿ ಸೊಂಟದ ಮೇಲೆ ಕೈಯಿಟ್ಟು ನಿಲ್ಲುವವರಲ್ಲಿ ಜಡೆ ಹಾಗಿರಲಿ, ಬಾಚಣಿಗೆಗೆ ಕೆಲಸ ಕೊಡುವಷ್ಟು ಕೂದಲಿರುವವರೇ ಅಪರೂಪ.

ಇದರಲ್ಲೊಂದು ತಮಾಷೆ ಇದೆ. ಅಣ್ಣತಮ್ಮಂದಿರ ಜೊತೆ ಒಂದೇ ಹಜಾರ, ಒಂದೇ ಬಚ್ಚಲು, ಒಂದೇ ಬಾವಿ ಹಂಚಿಕೊಳ್ಳಲಾರದೆ ಊರಮನೆಯಲ್ಲಿ ಪಾಲು ಮಾಡಿಕೊಂಡು ಬಂದವರೇ ಇಲ್ಲಿ ಮುಕ್ಕಾಲು ಜನ. ಬಂದು ಮಾಡಿದ್ದೇನು? ಇಪ್ಪತ್ತು ವರ್ಷದ ಬ್ಯಾಂಕ್ ಸಾಲ ತೆಗೆದು, ಮುಖಪರಿಚಯವೂ ಇಲ್ಲದವರ ಜೊತೆ ಒಂದೇ ಮೆಟ್ಟಿಲು, ಒಂದೇ ಸಂಪು, ಒಂದೇ ತಾರಸಿ ಕೊಂಡುಕೊಂಡದ್ದು. 1972ರ ಕರ್ನಾಟಕ ಅಪಾರ್ಟ್‌ಮೆಂಟ್ ಒಡೆತನ ಕಾಯ್ದೆ ಇಂಥ ಜಾಗಗಳಲ್ಲಿ ಎಲ್ಲರಿಗೂ ಪಾಲಿದೆ, ಆದರೆ ಅದನ್ನು ಯಾರೂ ಒಡೆದುಕೊಳ್ಳುವಂತಿಲ್ಲ ಎನ್ನುತ್ತದೆ. ಅಣ್ಣನೊಡನೆಯಾದರೆ ಕೋರ್ಟಿಗೆ ಹೋಗಿ ಗೋಡೆ ಎಬ್ಬಿಸಬಹುದಿತ್ತು. ಇಲ್ಲಿ ಆ ಸುಖವೂ ಇಲ್ಲ.

ಪಾರ್ಕಿಂಗ್ ಜಗಳಕ್ಕೆ ಗೆರೆಯಾದರೂ ಇದೆ. ಸೋರುವ ಜಗಳಕ್ಕೆ ಅದೂ ಇಲ್ಲ. ಮೇಲಿನ ಮನೆಯವರ ನೆಲವೇ ನಮ್ಮ ಸೂರು. ಅವರ ಬಚ್ಚಲ ನೀರು ನಮ್ಮ ಪಡಸಾಲೆಯ ಸೂರಿನಲ್ಲಿ ಮೊದಲು ಶ್ರೀಲಂಕಾದಂತೆ ಕಾಣಿಸಿಕೊಂಡಿತು. ಮಳೆಗಾಲ ಮುಗಿಯುವಷ್ಟರಲ್ಲಿ ಆಸ್ಟ್ರೇಲಿಯಾ ಆಯಿತು. ಮೇಲೆ ಹೋಗಿ ಬಾಗಿಲು ತಟ್ಟಿದೆ.

‘ನಮ್ಮ ಬಚ್ಚಲು ನೋಡಿ, ಒಣಗಿ ಬಟಾಬಯಲಾಗಿದೆ’ ಎಂದರು.

‘ಸರಿ ಸಾರ್, ಆದರೆ ನೀರು ಮೇಲಿಂದ ಕೆಳಕ್ಕೆ ತಾನೇ ಬರೋದು?’

‘ಬರಲಿ. ಬರೋ ನೀರೆಲ್ಲ ನಮ್ಮದೇ ಅಂತ ಹೆಂಗೆ ಹೇಳ್ತೀರಿ? ನಮ್ಮ ಮೇಲೂ ಮನೆ ಇದೆಯಲ್ಲ?’

ಪ್ಲಂಬರ್ ಬಂದ. ನಮ್ಮ ಮನೆಯಲ್ಲಿ ಕಾಫಿ ಕುಡಿದು ತಪ್ಪು ಮೇಲಿನವರದ್ದು ಎಂದ. ಮೇಲೆ ಹೋಗಿ ಮಜ್ಜಿಗೆ ಕುಡಿದು ಬಿಲ್ಡರನ ತಪ್ಪು ಎಂದ. ಹೋಗುವಾಗ ಸೆಕ್ಯುರಿಟಿಯವನ ಹತ್ತಿರ ಇಬ್ಬರಿಗೂ ಬುದ್ಧಿ ಇಲ್ಲ ಎಂದನಂತೆ. ಮೂರು ಕಡೆಯೂ ಒಪ್ಪುವ ಮಾತಾಡುವ ಇಂಥವರನ್ನು ನಾಡು ಇನ್ನೂ ಸರಿಯಾಗಿ ಬಳಸಿಕೊಂಡಿಲ್ಲ. ಕಾವೇರಿ ವಿಷಯದಲ್ಲಿ ಕೆಳಗಿನವರು ‘ನೀರು ಬಿಡಿ’ ಎನ್ನುತ್ತಾರೆ, ನಮ್ಮಲ್ಲಿ ಕೆಳಗಿನವರು ‘ಬಿಡಬೇಡಿ’ ಎನ್ನುತ್ತೇವೆ, ಮಿಕ್ಕದ್ದೆಲ್ಲ ಅದೇ. ಅಲ್ಲಿ 1990ರಲ್ಲಿ ನ್ಯಾಯಮಂಡಳಿ ಕೂತು 2018ಕ್ಕೆ ಸುಪ್ರೀಂ ಕೋರ್ಟಿನ ತೀರ್ಪು ಬಂತು. ನಮ್ಮದು ಇನ್ನೂ ಪ್ಲಂಬರ್ ಹಂತದಲ್ಲಿದೆ.

ಸರ್ಕಾರಕ್ಕೆ ನಮ್ಮ ಸ್ವಭಾವ ಚೆನ್ನಾಗಿ ಗೊತ್ತು. 2000ದ ಶಬ್ದಮಾಲಿನ್ಯ ನಿಯಮದಲ್ಲಿ ರಾತ್ರಿ ಎಂದರೆ ಹತ್ತರಿಂದ ಬೆಳಗ್ಗೆ ಆರು. ರೈಲಿನಲ್ಲಿ ಮಧ್ಯದ ಬರ್ತ್ ಬಿಚ್ಚಿ ಮಲಗುವ ಹಕ್ಕೂ ಹತ್ತರಿಂದ ಆರರವರೆಗೇ. ಅಂದರೆ ಈ ಜನ ದಿನಕ್ಕೆ ಎಂಟು ಗಂಟೆ ಸುಮ್ಮನಿದ್ದರೆ ಅದೇ ಹೆಚ್ಚು ಎಂದು ಎರಡು ಇಲಾಖೆಗಳೂ ಬೇರೆ ಬೇರೆಯಾಗಿ ಲೆಕ್ಕ ಹಾಕಿವೆ. ಉಳಿದ ಹದಿನಾರು ಗಂಟೆ ನಮ್ಮ ನಮ್ಮ ಯೋಗ್ಯತೆಗೆ ಬಿಟ್ಟದ್ದು.

ಓದಿದವರು ಹೀಗಿರುವುದಿಲ್ಲ ಎಂಬ ನಂಬಿಕೆ ನನಗೂ ಇತ್ತು. ಜರ್ಮನ್ ತತ್ತ್ವಜ್ಞಾನಿ ಶೋಪೆನ್‌ಹಾವರ್ ಅದನ್ನು ಕಳೆದ. ಚಳಿಗೆ ಒತ್ತಿ ಕೂತ ಮುಳ್ಳುಹಂದಿಗಳು ಚುಚ್ಚಿಕೊಂಡು ದೂರ ಸರಿದು, ಚಳಿ ತಾಳದೆ ಮತ್ತೆ ಹತ್ತಿರ ಬಂದು, ಕೊನೆಗೆ ಹದವಾದ ಅಂತರ ಕಂಡುಕೊಂಡ ಕಥೆ ಅವನದು, 1851ರ ಪುಸ್ತಕದಲ್ಲಿದೆ. ಮನುಷ್ಯರ ಬಾಳ್ವೆಯೂ ಹಾಗೆಯೇ ಅಂತೆ. ಇಷ್ಟು ತಿಳಿದ ಮಹಾನುಭಾವ 1821ರಲ್ಲಿ ಬರ್ಲಿನ್ನಿನ ಬಾಡಿಗೆ ಮನೆಯಲ್ಲಿದ್ದಾಗ, ನೆರೆಯ ದರ್ಜಿ ಹೆಂಗಸು ತನ್ನ ಬಾಗಿಲ ಬಳಿ ಗೆಳತಿಯರೊಡನೆ ಹರಟುತ್ತಾಳೆಂದು ಅವಳನ್ನು ಆಚೆಗೆ ದಬ್ಬಿದ. ಅವಳು ಬಿದ್ದಳು, ಕೋರ್ಟಿಗೆ ಹೋದಳು, ಗೆದ್ದಳು. ವರ್ಷಕ್ಕೆ 60 ಥಾಲರ್‌ನಂತೆ ಅವಳು ಬದುಕಿರುವವರೆಗೂ ಕಟ್ಟಬೇಕಾಯಿತು. ಅವಳಿಗೆ ಆಯುಸ್ಸು ಗಟ್ಟಿಯಾಗಿತ್ತು. ಕೊನೆಗೆ ಅವಳು ತೀರಿಕೊಂಡಾಗ, ಮುದುಕಿ ಹೋದಳು, ಹೊರೆ ಇಳಿಯಿತು ಎಂಬರ್ಥ ಬರುವ ಹಾಗೆ ಲ್ಯಾಟಿನ್ನಿನಲ್ಲಿ ಬರೆದಿಟ್ಟನಂತೆ. ಮುಳ್ಳುಹಂದಿಗಾದರೆ ಸರಿಯುವುದಕ್ಕೆ ಜಾಗವಿರುತ್ತದೆ. ನಮ್ಮ ನಡುವಿನ ಅಂತರ ಬಿಲ್ಡರ್ ಇಟ್ಟ ನಾಲ್ಕಿಂಚಿನ ಗೋಡೆ.

ಹಾಗಿದ್ದರೆ ಅಸಲಿ ರೋಗ ಯಾವುದು? ನನ್ನ ಅನುಮಾನ ಲೆಕ್ಕದ ಪುಸ್ತಕದ ಮೇಲೆ. 1979ರಲ್ಲಿ ಮೈಕೆಲ್ ರಾಸ್ ಮತ್ತು ಫಿಯೋರೆ ಸಿಕೋಲಿ ಎಂಬ ಮನಶ್ಶಾಸ್ತ್ರಜ್ಞರು ಕೆನಡಾದಲ್ಲಿ ಗಂಡಹೆಂಡಿರನ್ನು ಬೇರೆ ಬೇರೆ ಕೂರಿಸಿ, ಮನೆಕೆಲಸದಲ್ಲಿ ನಿಮ್ಮ ಪಾಲೆಷ್ಟು ಎಂದು ಕೇಳಿದರು. ಇಬ್ಬರ ಉತ್ತರ ಕೂಡಿಸಿದರೆ ಹೆಚ್ಚಿನ ಜೋಡಿಗಳಲ್ಲಿ ಮಾಡಿದ ಕೆಲಸಕ್ಕಿಂತ ಹೇಳಿಕೊಂಡ ಕೆಲಸವೇ ಜಾಸ್ತಿ. ಸುಳ್ಳು ಹೇಳಿದ್ದಲ್ಲ, ತಾನು ತೊಳೆದ ಪಾತ್ರೆ ತನಗೆ ನೆನಪಿರುತ್ತದೆ, ಇನ್ನೊಬ್ಬರು ತೊಳೆದದ್ದು ಬರೀ ತೊಳೆದ ಪಾತ್ರೆ. ಇದನ್ನು ಮನೆಯಲ್ಲಿ ಓದಿ ಹೇಳಿದೆ. ‘ಆ ಕೆನಡಾದ ಗಂಡಸರು ಪಾತ್ರೇನಾದ್ರೂ ತೊಳೀತಿದ್ರಲ್ಲ’ ಎಂದಳು ಇವಳು. ಸಂಶೋಧನೆಯ ಮಾತು ಅಲ್ಲಿಗೆ ನಿಂತಿತು.

ನಮ್ಮ ಸಂಘದ ಸಭೆಯಲ್ಲೂ ಇದೇ ಲೆಕ್ಕ. ಒಬ್ಬೊಬ್ಬರೂ ಎದ್ದು ನಿಂತು, ಈ ಕಟ್ಟಡದಲ್ಲಿ ಹೊಂದಿಕೊಂಡು ಹೋಗುತ್ತಿರುವವನು ತಾನೊಬ್ಬನೇ ಎನ್ನುತ್ತಾರೆ. ಮೇಲಿನ ಮನೆಯವರು ನಮ್ಮ ಮಿಕ್ಸಿಯ ಸದ್ದನ್ನು ಇಷ್ಟು ವರ್ಷ ಸಹಿಸಿದ್ದಾರಂತೆ. ನಮ್ಮ ಮಿಕ್ಸಿಗೆ ಸದ್ದಿದೆ ಎಂಬುದೇ ನನಗೆ ಹೊಸ ಸುದ್ದಿ. ಅವರ ಮೊಮ್ಮಗನ ಸೈಕಲ್ ಸವಾರಿಯನ್ನು ನಮ್ಮ ತಲೆಯ ಮೇಲೆ ನಾವು ಸಹಿಸಿರುವುದು ಅವರಿಗೆ ಹೊಸದು. ಇಬ್ಬರ ತಾಳ್ಮೆಯೂ ನಿಜ, ಇನ್ನೊಬ್ಬರದು ಕಾಣುವುದಿಲ್ಲ, ಅಷ್ಟೆ. ಕೂಡಿಸಿದರೆ ನಮ್ಮ ಕಟ್ಟಡದಲ್ಲಿ ಸಂತರೇ ತುಂಬಿದ್ದಾರೆ; ಆದರೂ ಕಾರ್ಯದರ್ಶಿಯಾದವರು ಯಾರೂ ಅವಧಿ ಮುಗಿಸಿಲ್ಲ. ಮೊನ್ನೆ ಬಿಟ್ಟವರು ಬೀಗದ ಕೈಗೊಂಚಲು, ರಸೀದಿ ಪುಸ್ತಕ ಎರಡನ್ನೂ ಸೆಕ್ಯುರಿಟಿ ಟೇಬಲ್ಲಿನ ಮೇಲಿಟ್ಟು ಮಗಳ ಮನೆಗೆ ಹೋದರು.

ಆ ಜಾಗ ಇನ್ನೂ ಖಾಲಿ ಇದೆ. ಸಂಬಳವಿಲ್ಲ. ಓದುಗರಲ್ಲಿ ಯಾರಿಗಾದರೂ ತಾವು ಎಲ್ಲರೊಂದಿಗೂ ಹೊಂದಿಕೊಂಡು ಹೋಗುವವರು ಎಂಬ ನಂಬಿಕೆ ಇದ್ದರೆ ದಯವಿಟ್ಟು ಬನ್ನಿ. ಪಾರ್ಕಿಂಗ್ ಮಾತ್ರ ಕೇಳಬೇಡಿ.