ಸಿದ್ಧಪುರುಷ

(ಬೆಂಗಳೂರಿನ ಹಾಕಿ ಕ್ರೀಡಾಂಗಣದ ಬಳಿಯ ಕಾಫಿ ಅಂಗಡಿ.)

ರಾಯರು: ನಮ್ಮ ಚಿರಂಜೀವಿಯು ಹಾಕಿ ಇಂಡಿಯಾ ಲೀಗಿಗೆ ಸರ್ವಥಾ ಸಿದ್ಧನಾಗಿರುವನೆಂಬ ವಿಷಯದಲ್ಲಿ, ಅವನ ಆಟವನ್ನು ಎಂದೂ ಕಣ್ಣಾರೆ ಕಾಣದ ಪಂಡಿತರಿಗೂ ಕೂಡ ಲೇಶಮಾತ್ರವಾದರೂ ಸಂಶಯವುಳಿದಿಲ್ಲ, ಮೇಷ್ಟ್ರೇ!

ಮೇಷ್ಟ್ರು: ಕಂಡವರಿಗೆ?

ರಾಯರು: ಅವರೆಲ್ಲ ಅಸೂಯಾಪರರು.

ಮೇಷ್ಟ್ರು: ಸ್ಟಿಕ್ಕಿನ ಹಿಡಿಯ ಪ್ಲಾಸ್ಟಿಕ್ಕು ಇನ್ನೂ ಬಿಚ್ಚಿದಂತಿಲ್ಲವಲ್ಲ?

ರಾಯರು: ಲೀಗಿಗೆಂದೇ ಕಾದಿರಿಸಿದ್ದಾನೆ. ಗೋಲಾದೊಡನೆ ಮಂಡಿಯೂರಿ ಜಾರತಕ್ಕ ಭಂಗಿಯನ್ನಂತೂ ನಿತ್ಯವೂ ಕನ್ನಡಿಯ ಮುಂದೆ ಅಭ್ಯಸಿಸುತ್ತಾನೆ.

ಮೇಷ್ಟ್ರು: ಮತ್ತೆ ಗೋಲು?

ರಾಯರು: ಲೀಗಿನಲ್ಲಿ ತಾನಾಗಿ ಬರುವುದು.

ಮೇಷ್ಟ್ರು: ಅಲ್ಲಿಯವರೆಗೆ ಗೋಳು ತಂಡದವರದು!

ರಾಯರು: 2024ರ ಲೀಗಿನ ಹರಾಜಿನಲ್ಲಿ ಹರ್ಮನ್‌ಪ್ರೀತ್ ಸಿಂಗರಿಗೆ 78 ಲಕ್ಷ ಸಂದಿತಲ್ಲವೆ?

ಮೇಷ್ಟ್ರು: ಪ್ಯಾರಿಸ್ ಒಲಿಂಪಿಕ್ಸಿನಲ್ಲಿ 10 ಗೋಲು ಹೊಡೆದಿದ್ದರಂತೆ.

ರಾಯರು: ಇವನನ್ನು ಯಾರೂ ಕರೆಯಲೇ ಇಲ್ಲವಲ್ಲ! ಅದಿರಲಿ, ಆ ಹರಾಜಿನಲ್ಲಿ 24 ಜನರ ತಂಡಕ್ಕೆ ನಾಲ್ವರು ಕಿರಿಯರು ಇರಲೇಬೇಕೆಂಬ ನಿಯಮವಿತ್ತು, ಇವನೋ, ಇನ್ನೂ ಕಿರಿಯ!

ಮೇಷ್ಟ್ರು: ಹಾಗಾದರೆ ತ್ವರೆಮಾಡಿ ರಾಯರೇ, ಅವನಿಗಿರುವ ಆ ಏಕೈಕ ಅರ್ಹತೆಯು ಹುಟ್ಟುಹಬ್ಬ ಬಂದಂತೆಲ್ಲ ಕ್ಷೀಣಿಸತಕ್ಕದ್ದು!