ಅಳಿಯದೇವರ ಆಫ್‌ಲೈನ್ ಮುನಿಸು

ಜೆರಾಕ್ಸ್ ಅಂಗಡಿಗೆ ಅಲೆಯುವುದು ತಪ್ಪಲಿ ಎಂದು ಮನೆಗೊಂದು ವೈಫೈ ಪ್ರಿಂಟರ್ ತರುತ್ತೀರಿ. ಆಮೇಲೆ ಅಲೆದಾಟ ಮನೆಯೊಳಗೇ ಶುರು: ರೂಟರ್ ಇರುವ ಹಾಲಿನಿಂದ ಪ್ರಿಂಟರ್ ಇರುವ ರೂಮಿಗೆ, ಅಲ್ಲಿಂದ ವಾಪಸ್ಸು ಹಾಲಿಗೆ. ಮಗಳ ಪ್ರಾಜೆಕ್ಟ್ ಬೆಳಗ್ಗೆ ಕೊಡಬೇಕೆನ್ನುವ ರಾತ್ರಿಯೇ ನೋಡಿ, ಹಬ್ಬಕ್ಕೆ ಬಂದ ಅಳಿಯನ ಹಾಗೆ ಇದಕ್ಕೆ ಮುನಿಸು. ಒಂದೇ ಮಾತು: ಆಫ್‌ಲೈನ್.

"ರೀ, ನೀಲಿ ಲೈಟು ಬರ್ತಾ ಇದೆಯಲ್ಲ, ಮತ್ತೇನಂತೆ ಇದಕ್ಕೆ?"

ಲೈಟು ಬರುತ್ತಿದೆಯೋ, ಮಿಣುಕುತ್ತಿದೆಯೋ? ಎಷ್ಟೋ ಪ್ರಿಂಟರುಗಳಲ್ಲಿ ಮಿಣುಕಿದರೆ ಇನ್ನೂ ಹುಡುಕಾಟ, ಒಂದೇ ಸಮ ಉರಿದರೆ ಮನೆಯ ವೈಫೈ ಸಿಕ್ಕಿತು ಎಂದರ್ಥ. ಫೋನಿನಲ್ಲಿರುವ ಫೈಲನ್ನು ಅಚ್ಚು ಹಾಕಲು ಸಾಮಾನ್ಯವಾಗಿ ಇಂಟರ್ನೆಟ್ಟೇ ಬೇಕಿಲ್ಲ. ಫೋನೂ ಪ್ರಿಂಟರೂ ಒಂದೇ ರೂಟರಿನ ಆಶ್ರಯದಲ್ಲಿದ್ದರೆ ಸಾಕು. ಆದರೂ ಯಜಮಾನರು ಮೊದಲು ಫೋನ್ ಮಾಡುವುದು ಇಂಟರ್ನೆಟ್ ಕಂಪನಿಗೆ!

ರೂಟರಿಗೋ ಹಲವು ಮನೆಗಳಲ್ಲಿ ಎರಡು ಹೆಸರು. ಒಂದಕ್ಕೆ 5ಜಿ ಎಂಬ ಬಾಲ. ಅದು ಮೊಬೈಲಿನ 5ಜಿ ಅಲ್ಲ, 5 ಗಿಗಾಹರ್ಟ್ಸ್. ಅಗ್ಗದ ಪ್ರಿಂಟರುಗಳ ಪೈಕಿ ಬಹಳಷ್ಟಕ್ಕೆ 2.4 ಗಿಗಾಹರ್ಟ್ಸ್ ಬಿಟ್ಟು ಬೇರೇನೂ ಕಾಣದು. ಬಾಲವಿಲ್ಲದ ಹೆಸರಿಗೇ ಸೇರಿಸಿ. (ಮೈಕ್ರೋವೇವ್ ಓವನ್ನೂ ಸರಿಸುಮಾರು ಆ 2.4ರಲ್ಲೇ ಗದ್ದಲ ಎಬ್ಬಿಸುತ್ತದೆ. ಪ್ರಿಂಟರನ್ನು ಅದರ ಪಕ್ಕಕ್ಕಿಡುವವರಿಗೆ ನನ್ನ ನಮಸ್ಕಾರ.) ಅತಿಥಿಗಳಿಗೆಂದು ಮಾಡಿದ ಗೆಸ್ಟ್ ವೈಫೈ ಮಾತ್ರ ಬೇಡ. ಅದರೊಳಗಿನ ಯಂತ್ರಗಳು ಸಾಮಾನ್ಯವಾಗಿ ಒಂದರ ಮುಖ ಇನ್ನೊಂದು ನೋಡುವಂತಿಲ್ಲ.

ನಿನ್ನೆ ಸರಿಯಿತ್ತು, ಇವತ್ತು ಮುನಿಸು ಎಂದರೆ ನಡುವೆ ಕರೆಂಟು ಹೋಗಿತ್ತೇ ಎಂದು ಕೇಳಿ. ರೂಟರ್ ಪ್ರತಿಯೊಬ್ಬರಿಗೂ 192.168.1.7ರ ಥರದ ನಂಬರು ಹಂಚುತ್ತದೆ. ಕರೆಂಟು ಬಂದ ಮೇಲೆ ಅಳಿಯನಿಗೆ ಬೇರೆ ನಂಬರು ಸಿಕ್ಕಿರಬಹುದು. ಕಂಪ್ಯೂಟರು ಮಾತ್ರ ಹಳೆಯ ನಂಬರಿನ ಬಾಗಿಲನ್ನೇ ಬಡಿದು, ಯಾರೂ ಓಗೊಡದಿದ್ದಾಗ ಆಫ್‌ಲೈನ್ ಎಂದು ಷರಾ ಬರೆಯುತ್ತದೆ. ರೂಟರಿನ ಸೆಟ್ಟಿಂಗಿಗೆ ಹೋಗಿ ಆ ನಂಬರನ್ನು ಪ್ರಿಂಟರಿಗೇ ಮೀಸಲಿಡಿ, ರಗಳೆ ಮುಗಿಯಿತು. ನೆಟ್‌ವರ್ಕ್ ವಿವರದ ಹಾಳೆ ತೆಗೆದಾಗ ನಂಬರು 169.254 ಎಂದು ಶುರುವಾಗಿದ್ದರೆ, ರೂಟರ್ ಏನೂ ಕೊಟ್ಟಿಲ್ಲ, ಅಳಿಯದೇವರು ತಾವೇ ಒಂದು ನಂಬರು ಇಟ್ಟುಕೊಂಡು ಕೂತಿದ್ದಾರೆ ಎಂದು ತಿಳಿಯಿರಿ.

ಇನ್ನು ಪ್ರಿಂಟರನ್ನು ವೈಫೈಗೆ ಸೇರಿಸಲೆಂದೇ ರೂಟರಿನ ಹಿಂದಿರುವ ಡಬ್ಲ್ಯೂಪಿಎಸ್ ಗುಂಡಿ. ಒತ್ತಿದರೆ ಸುಮಾರು 2 ನಿಮಿಷ ಬಾಗಿಲು ತೆರೆದಿರುತ್ತದೆ. ಅಷ್ಟರಲ್ಲಿ ಪ್ರಿಂಟರಿನ ಗುಂಡಿಯನ್ನೂ ಒತ್ತಬೇಕು. ನಡುವೆ ಕಾಫಿಗೆ ಎದ್ದರೆ ಮತ್ತೆ ಮೊದಲಿಂದ. ಗುಂಡಿಯ ಬದಲು 8 ಅಂಕಿಯ ಪಿನ್ ಕೊಡುವ ದಾರಿಯೂ ಇದೆ. ಆ ಪಿನ್ನನ್ನು ಎರಡು ತುಂಡು ಮಾಡಿ ಪರೀಕ್ಷಿಸುವುದರಿಂದ ಹೆಚ್ಚೆಂದರೆ 11,000 ಊಹೆಗೆ ಅದು ಸಿಕ್ಕಿಬೀಳುತ್ತದೆಂದು 2011ರಲ್ಲೇ ಬಯಲಾಗಿದೆ. ಅದರ ಸಹವಾಸ ಬೇಡ.

ಕೆಲವು ಪ್ರಿಂಟರುಗಳ ಮೈಮೇಲೆ ಎನ್‌ಎಫ್‌ಸಿ ಗುರುತಿರುತ್ತದೆ, ಫೋನ್ ತಾಗಿಸಲು. ಹಾಳೆ ಹೊರಬರುವ ತನಕ ಫೋನನ್ನು ಅಲ್ಲೇ ಒತ್ತಿ ಹಿಡಿದು ನಿಲ್ಲುವ ಭಕ್ತರಿದ್ದಾರೆ. ಅಯ್ಯಾ, ಕೆಲವೇ ಸೆಂಟಿಮೀಟರ್ ಅಳತೆಯ ಆ ಸ್ಪರ್ಶದಲ್ಲಿ ದಾಟುವುದು ಬರೀ ವಿಳಾಸ. ಫೋಟೋ ಹೊತ್ತು ಹೋಗುವುದು ಮತ್ತೆ ವೈಫೈಯೇ.

ರೂಟರೇ ಇಲ್ಲದಿದ್ದರೆ? ವೈಫೈ ಡೈರೆಕ್ಟ್ ಇದೆ. ಪ್ರಿಂಟರ್ ತನ್ನದೇ ಪುಟ್ಟ ನೆಟ್‌ವರ್ಕ್ ಹೂಡುತ್ತದೆ, ಹೆಸರು ಡೈರೆಕ್ಟ್ ಎಂದು ಶುರು. ಇಂಟರ್ನೆಟ್ ಇಲ್ಲ ಎಂದು ಫೋನ್ ಮೂಗು ಮುರಿದರೆ 'ಇರಲಿ ಬಿಡು' ಎಂದು ಒಪ್ಪಿಸಿ. ಕೆಲಸ ಮುಗಿದ ಮೇಲೆ ಅದನ್ನು ಆರಿಸಿ, ಇಲ್ಲವೇ ಪಾಸ್‌ವರ್ಡ್ ಬದಲಿಸಿ. ಕೆಲವು ಪ್ರಿಂಟರುಗಳಲ್ಲಿ ಹುಟ್ಟಿನಿಂದ ಬಂದ ಪಾಸ್‌ವರ್ಡ್ 12345678! ಬದಲಿಸದೆ ಬಿಟ್ಟು, ಒಂದು ದಿನ ನಿಮ್ಮ ಟ್ರೇಯಿಂದ ಕೆಳಗಿನ ಮನೆಯವರ ಮಗನ ಜಾತಕ ಹೊರಬಂದರೆ ದಯವಿಟ್ಟು ಓದಬೇಡಿ, ಮಡಚಿ ಕೊಟ್ಟುಬಿಡಿ.