ಷೇರಿಲ್ಲದ ಸದಸ್ಯ

ಔಟಾಗಿ ಬಂದ ಆಟಗಾರನನ್ನು ಬೈಯುವ ಅಭಿಮಾನಿ ಎಲ್ಲ ಊರಲ್ಲೂ ಸಿಗುತ್ತಾನೆ. ಸೊನ್ನೆ ಸುತ್ತಿದವನ ಮೇಲೆ ಕನಿಕರಪಟ್ಟು, ಅವನನ್ನು ಆರಿಸಿದವರ ವಂಶಾವಳಿ ಜಾಲಾಡುವ ಅಭಿಮಾನಿ ಬೇಕೆಂದರೆ ನಮ್ಮ ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆ ಬರಬೇಕು. ಆರ್‌ಸಿಬಿ ಇವನ ಮನೆದೇವರು. ಆದರೆ ಇವನ ವೈರಿ ಚೆನ್ನೈಯೂ ಅಲ್ಲ, ಮುಂಬೈಯೂ ಅಲ್ಲ. ಇವನ ವೈರಿ ‘ಮ್ಯಾನೇಜಮೆಂಟು’.

ಮ್ಯಾನೇಜಮೆಂಟು ಅಂದರೆ ಯಾರು, ಎಷ್ಟು ಜನ, ಎಲ್ಲಿ ಕೂರುತ್ತಾರೆ ಎಂಬುದು ಇವನಿಗೆ ಗೊತ್ತಿಲ್ಲ. ಗೊತ್ತಿಲ್ಲದ್ದರಿಂದ ಬೈಗುಳಕ್ಕೆ ತಡೆಯೂ ಇಲ್ಲ. ಗೋಕಾಕದ ಕ್ಷೌರದಂಗಡಿಯಲ್ಲಿ ಇಂಥವನೊಬ್ಬ ಗಿರಾಕಿಯ ಗಂಟಲ ಮೇಲೆ ಕತ್ತಿ ಹಿಡಿದೇ ಹರಾಜಿನ ಲೆಕ್ಕ ಒಪ್ಪಿಸುತ್ತಾನೆ. ಯಾರೂ ಎದುರು ಮಾತಾಡುವುದಿಲ್ಲ. ಸಂಕೇಶ್ವರದ ಬಸ್‌ಸ್ಟ್ಯಾಂಡಿನ ಚಹಾದಂಗಡಿಯಲ್ಲಿ ಇನ್ನೊಬ್ಬ, ಮೂಡಲಗಿಯ ಗೊಬ್ಬರದಂಗಡಿಯಲ್ಲಿ ಮತ್ತೊಬ್ಬ. ಇವರನ್ನೆಲ್ಲ ನಾನು ದೂರದಿಂದ ಬಲ್ಲೆ. ಹತ್ತಿರದಿಂದ ಬಲ್ಲದ್ದು ನನ್ನ ಷಡ್ಡಕನನ್ನು.

ಷಡ್ಡಕನನ್ನು ಯಾರೂ ಆರಿಸಿಕೊಳ್ಳುವುದಿಲ್ಲ. ಹೆಂಡತಿಯನ್ನು ನೋಡಲು ಹೋದಾಗ ಮೂಲೆಯಲ್ಲಿ ಕೂತು ಅವಲಕ್ಕಿ ತಿನ್ನುತ್ತಿರುತ್ತಾನೆ, ಅಷ್ಟೇ. ಮುಂದೆ ಜನ್ಮವಿಡೀ ಎದುರಿಗೇ ಕೂತಿರುತ್ತಾನೆ. ನಾನು ಗೋಕಾಕದಲ್ಲಿ ಹೈಸ್ಕೂಲು ಮಾಸ್ತರ. ಅವನು ಹುಕ್ಕೇರಿ ತಾಲ್ಲೂಕಿನ ಕಬ್ಬಿನ ರೈತ. ಇಬ್ಬರ ಅತ್ತೆಮನೆ ಮೂಡಲಗಿ. ಅವನು ಹಿರಿಯ ಅಳಿಯ, ನಾನು ಕಿರಿಯ. ಹಾಗಾಗಿ ಟೀವಿ ರಿಮೋಟು ಅವನ ಕೈಯಲ್ಲಿ, ಹೋಳಿಗೆಯ ಮೇಲಿನ ಮೊದಲ ತುಪ್ಪ ಅವನಿಗೆ, ಅವನ ಮಾತಿಗೆ ‘ಹೌದರಿ ಅಣ್ಣಾರ’ ಎನ್ನುವ ಕೆಲಸ ನನಗೆ. ಐಪಿಎಲ್ಲೂ ಬೇಸಿಗೆ ರಜೆಯೂ ಒಟ್ಟಿಗೇ ಬರುವುದು ನನ್ನ ಹಣೆಬರಹ.

“ಅಲ್ಲೋ ತಮ್ಮಾ, ಮನೀಷ ಪಾಂಡೆನ ಯಾಕ ಬಿಟ್ರು ಅವರು?” ಎಂದು ಶುರುವಾಗುತ್ತದೆ. ಐಪಿಎಲ್‌ನಲ್ಲಿ ನೂರು ಹೊಡೆದ ಮೊದಲ ಭಾರತೀಯ, 2009ರಲ್ಲಿ, ನಮ್ಮದೇ ತಂಡಕ್ಕೆ. ಅದೇ ಹುಡುಗ 2014ರ ಫೈನಲ್ಲಿನಲ್ಲಿ, ಅದೂ ನಮ್ಮ ಚಿನ್ನಸ್ವಾಮಿ ಮೈದಾನದಲ್ಲಿ, ಕೋಲ್ಕತಾ ಪರ 94 ಹೊಡೆದು ಕಪ್ಪು ಅವರಿಗೆ ಕೊಟ್ಟ. ಆ ವರ್ಷ ಅತಿ ಹೆಚ್ಚು ರನ್ನು ಯಾರದು? ರಾಬಿನ್ ಉತ್ತಪ್ಪನದು, 660. ಅವನೂ ಕೋಲ್ಕತಾ. “ಮನಿ ಮಕ್ಕಳು ಮಂದಿ ಹೊಲದಾಗ ದುಡೀತಾವ, ನಾವು ಕೂಲಿಗೆ ಆಳು ಹುಡುಕ್ತೀವಿ,” ಎನ್ನುತ್ತಾನೆ. ನಾನು ಹೌದರಿ ಅಣ್ಣಾರ.

ಆಮೇಲೆ 2018. ಇದನ್ನು ಹೇಳುವಾಗ ಕಾಲು ಮಡಚಿ ಕೂರುತ್ತಾನೆ, ಪುರಾಣ ಹೇಳುವವರ ಹಾಗೆ. ಆ ಸಲ ಬೆಂಗಳೂರಿನವರು ಉಳಿಸಿಕೊಂಡದ್ದು ಕೊಹ್ಲಿ, ಡಿವಿಲಿಯರ್ಸ್, ಮೂರನೆಯವನು ಸರ್ಫರಾಜ್ ಖಾನ್. ಕೆ.ಎಲ್. ರಾಹುಲ್‌ನನ್ನು ಬಿಟ್ಟರು, ಗೇಲ್‌ನನ್ನು ಬಿಟ್ಟರು. ಹರಾಜಿನಲ್ಲಿ ಪಂಜಾಬಿನವರು ರಾಹುಲ್‌ಗೆ 11 ಕೋಟಿ ಕೊಟ್ಟರು. ಯಾರಿಗೂ ಬೇಡವಾದ ಗೇಲ್‌ನನ್ನು ಮೂಲ ಬೆಲೆ 2 ಕೋಟಿಗೆ ಒಯ್ದರು. ಆ ವರ್ಷ ರಾಹುಲ್ ಹೊಡೆದದ್ದು 659 ರನ್ನು. ಈ ಆರುನೂರ ಐವತ್ತೊಂಬತ್ತು ನನ್ನ ಷಡ್ಡಕನಿಗೆ ತನ್ನ ಹೊಲದ ಸರ್ವೆ ನಂಬರಿಗಿಂತ ಚೆನ್ನಾಗಿ ಗೊತ್ತು.

ಇವನ ಸಿಟ್ಟಿನ ಬೇರು ಎಲ್ಲಿದೆ ಎಂದು ನಾನು ತುಂಬ ಯೋಚಿಸಿದ್ದೇನೆ. ಅದು ಕ್ರಿಕೆಟಿನಲ್ಲಿ ಇಲ್ಲ, ಸೊಸಾಯಿಟಿಯಲ್ಲಿದೆ. ನಮ್ಮ ಭಾಗದ ಮನುಷ್ಯ ಹುಟ್ಟುತ್ತಲೇ ಷೇರುದಾರ. ಹಾಲು ಹಾಕುವುದು ಸಂಘಕ್ಕೆ, ಸಾಲ ತರುವುದು ಸಂಘದಿಂದ, ಕಬ್ಬು ಹೋಗುವುದು ಕಾರ್ಖಾನೆಗೆ. ಹುಕ್ಕೇರಿಯಲ್ಲಂತೂ ಕರೆಂಟೂ ಸಹಕಾರಿ: 1969ರಲ್ಲಿ ಹುಟ್ಟಿದ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘ, ರಾಜ್ಯದಲ್ಲಿ ಮನೆಮನೆಗೆ ವಿದ್ಯುತ್ ಹಂಚುವ ಸಂಘ ಅದೊಂದೇ. ಅದರ ಆಡಳಿತ ಮಂಡಳಿಗೆ ಚುನಾವಣೆ ಬಂದರೆ ವಿಧಾನಸಭೆ ಚುನಾವಣೆ ಮಂಕಾಗುತ್ತದೆ. ಹೀಗೆ ಬಲ್ಬು ಹತ್ತಿಸುವುದಕ್ಕೂ ಓಟು ಹಾಕಿ ಬೆಳೆದವನಿಗೆ, ಹದಿನೆಂಟು ವರ್ಷ ಎದೆಗೆ ಹಚ್ಚಿಕೊಂಡ ತಂಡದಲ್ಲಿ ಓಟಿಲ್ಲ ಎಂದರೆ ಹೇಗಾಗಬೇಡ? 2008ರಲ್ಲಿ ವಿಜಯ್ ಮಲ್ಯ ಸುಮಾರು 11 ಕೋಟಿ ಡಾಲರಿಗೆ ತಂಡ ಕೊಂಡರು. ಆಮೇಲೆ ಅವರ ಕಂಪನಿ ಲಂಡನ್ನಿನ ಡಿಯಾಜಿಯೊ ಹಿಡಿತಕ್ಕೆ ಹೋಯಿತು. “ಲಂಡನ್ನಿನ್ಯಾಗ ಕುಂತಾವ್ಗ ಹುಕ್ಕೇರಿ ಮಂದಿ ಸಂಕಟ ಹೆಂಗ ತಿಳೀಬೇಕು? ಒಂದ ಜನರಲ್ ಬಾಡಿ ಮೀಟಿಂಗರೆ ಕರೀಬೇಕೋ ಬ್ಯಾಡೋ?”

ಇಷ್ಟು ಹೇಳುವವನು ತನ್ನ ಕಾರ್ಖಾನೆಯ ಜನರಲ್ ಬಾಡಿಯಲ್ಲಿ ಏನು ಮಾಡುತ್ತಾನೆ ಎಂದು ಒಮ್ಮೆ ಜೊತೆಗೆ ಹೋಗಿ ನೋಡಿದೆ. ಪೆಂಡಾಲಿನ ಹಿಂದಿನ ಸಾಲು ಹಿಡಿದು ಕೂತ. ಲಾಭ-ಹಾನಿ ಪತ್ರಿಕೆ ಓದಿದರು, ಇವನು ಅದರಿಂದ ಗಾಳಿ ಹಾಕಿಕೊಂಡ. ಬಾಕಿ ಬಿಲ್ಲಿನ ಮಾತು ಬಂತು, ಇವನು ಚಪ್ಪಲಿ ನೋಡಿದ. ‘ಮಂಜೂರ್ ಮಂಜೂರ್’ ಎಂಬ ಕೂಗಿಗೆ ಕೈಯೆತ್ತಿದ. ಸವಲತ್ತಿನ ದರದ ಸಕ್ಕರೆ ಚೀಟಿ ಇಸಕೊಂಡು ಮನೆಗೆ ಬಂದ. ಓಟಿದ್ದಲ್ಲಿ ಬಾಯಿಲ್ಲ, ಬಾಯಿದ್ದಲ್ಲಿ ಓಟಿಲ್ಲ. ನಗಲು ನನಗೂ ಹಕ್ಕಿಲ್ಲ ಬಿಡಿ. ಸ್ಟಾಫ್‌ರೂಮಿನಲ್ಲಿ ಶಿಕ್ಷಣ ಇಲಾಖೆಯ ಮೇಲೆ ಗುಡುಗುವ ನಾನು, ಬಿಇಒ ಸಾಹೇಬರು ಬಂದರೆ ಅವರ ಕುರ್ಚಿಯ ಧೂಳನ್ನು ನನ್ನ ಕರವಸ್ತ್ರದಿಂದಲೇ ಒರೆಸುತ್ತೇನೆ.

ಈಗ ಮೂಡಲಗಿಯ ನಿಶ್ಚಯ ಕಾರ್ಯಕ್ಕೆ ಬರುತ್ತೇನೆ. ಇದನ್ನು ಹೇಳದೆ ಬಿಟ್ಟರೆ ನನಗೆ ಊಟ ಸೇರುವುದಿಲ್ಲ.

2024ರ ನವೆಂಬರ್ 24, ಭಾನುವಾರ. ನಮ್ಮ ಹೆಂಡತಿಯರ ಚಿಕ್ಕಪ್ಪನ ಮಗಳ ನಿಶ್ಚಯ. ವರ ಪುಣೆಯಲ್ಲಿ ನೌಕರಿ. ಅದೇ ಮಧ್ಯಾಹ್ನ ದೂರದ ಜೆಡ್ಡಾದಲ್ಲಿ ಐಪಿಎಲ್‌ನ ದೊಡ್ಡ ಹರಾಜು. ಷಡ್ಡಕ ಹಿರಿಯ ಅಳಿಯನಾಗಿ ಜಮಖಾನೆಯ ಮೇಲೆ ಎರಡೂ ಕಡೆಯ ಹಿರಿಯರ ನಡುವೆ ವಿರಾಜಮಾನ. ಹೆಗಲ ಮೇಲಿನ ಟವೆಲು ತೊಡೆಯ ಮೇಲೆ ಬಂದಿತ್ತು, ಅದರಡಿ ಮೊಬೈಲು. ಸ್ವಾಮಿಗಳು ಲಗ್ನಪತ್ರಿಕೆ ಓದುತ್ತಿದ್ದರು. ಇವನ ತುಟಿ ಅಲ್ಲಾಡುತ್ತಿದ್ದದ್ದು ನೋಡಿ ವರನ ತಾಯಿ, ‘ಮಂತ್ರ ಬರುವ ಅಳಿಯ ಸಿಕ್ಕಿದ್ದಾನೆ ಇವರಿಗೆ’ ಎಂದು ಪಕ್ಕದವರಿಗೆ ಹೇಳಿದರಂತೆ. ರಾಹುಲ್‌ನ ಹೆಸರು ಬಂತು. ಬೆಂಗಳೂರಿನವರು ಮೊದಮೊದಲು ಕೂಗಿದರು, ಆಮೇಲೆ ಸುಮ್ಮನಾದರು. ವೀಳ್ಯ ಬದಲಾಯಿಸುವ ಗಳಿಗೆಗೆ ಸರಿಯಾಗಿ ನನ್ನ ಷಡ್ಡಕ ಎದ್ದು ನಿಂತು ಹಣೆ ಬಡಿದುಕೊಂಡ.

“ಕೈ ಬಿಟ್ರಪೋ! ನಮ್ಮ ಹುಡುಗನ್ನ ಕೈ ಬಿಟ್ರು! ಹದಿನಾಲ್ಕ ಕೋಟಿಗೆ ಡೆಲ್ಲಿಯವ್ರು ಹೊಡಕೊಂಡ ಹ್ವಾದ್ರು!”

ಓಲಗದವನ ಉಸಿರು ನಿಂತಿತು. ವಧುವಿನ ಅಜ್ಜಿ, ವರನಿಗೆ ಡೆಲ್ಲಿಯಲ್ಲಿ ಬೇರೆ ಸಂಬಂಧ ಕುದುರಿದೆ ಎಂದು ತಿಳಿದು ಎದೆ ಹಿಡಿದುಕೊಂಡರು. ವರನ ತಂದೆ ಮಗನ ಕಡೆ ತಿರುಗಿ, “ಹದಿನಾಲ್ಕ ಕೋಟಿ? ನನಗ ಯಾಕ ಹೇಳ್ಲಿಲ್ಲ?” ಎಂದು ಕೇಳಿದರು. ಆ ದನಿಯಲ್ಲಿ ಸಿಟ್ಟಿತ್ತೋ ಆಸೆಯಿತ್ತೋ ಇವತ್ತಿಗೂ ನನಗೆ ತೀರ್ಮಾನಿಸಲಾಗಿಲ್ಲ. ವಧು ಮಾತ್ರ ಧೈರ್ಯವಂತೆ, ಒಳಗಿಂದಲೇ, “ರಾಹುಲ್ ಹ್ವಾದನೇನ್ರಿ ಮಾಮಾ?” ಎಂದಳು. ಆಮೇಲೆ ಎಲ್ಲ ಸರಿಹೋಯಿತು. ಊಟದ ಪಂಕ್ತಿಯಲ್ಲಿ ವರನ ಸೋದರಮಾವ ನನ್ನ ಷಡ್ಡಕನ ಪಕ್ಕವೇ ಬಂದು ಕೂತರು. ಅವರೂ ಅದೇ ಜಾತಿಯ ಅಭಿಮಾನಿ. ಕರದಂಟು ಬಡಿಸಿದ್ದು ಇಬ್ಬರಿಗೂ ಗೊತ್ತಾಗಲಿಲ್ಲ.

ಮರುದಿನವೂ ಹರಾಜು ನಡೆಯಿತು. ಭುವನೇಶ್ವರ್ ಕುಮಾರ್‌ಗೆ 10.75 ಕೋಟಿ ಎಂದಾಗ, “ವಯಸ್ಸಾದ ಎತ್ತು” ಎಂದ. ಕೃಣಾಲ್ ಪಾಂಡ್ಯನಿಗೆ 5.75 ಕೋಟಿ ಎಂದಾಗ, “ತಮ್ಮನ್ನ ತರೂದು ಬಿಟ್ಟು ಅಣ್ಣನ್ನ ತಂದಾರ” ಎಂದ. ಮುಂದಿನ ಏಪ್ರಿಲ್ 10ರಂದು ರಾಹುಲ್ ಡೆಲ್ಲಿಯ ಅಂಗಿ ತೊಟ್ಟು ಚಿನ್ನಸ್ವಾಮಿಗೆ ಬಂದ, ಔಟಾಗದೆ 93 ಹೊಡೆದ, ‘ಕಾಂತಾರ’ದ ಧಾಟಿಯಲ್ಲಿ ಬ್ಯಾಟಿನಿಂದ ನೆಲದ ಮೇಲೆ ವೃತ್ತ ಗೀರಿ ಬ್ಯಾಟು ಊರಿ ನಿಂತ: ಇದು ನನ್ನ ಮೈದಾನ. ಆರ್‌ಸಿಬಿ ಸೋತಿತ್ತು. ಷಡ್ಡಕ ಎದ್ದು ನಿಂತು ಚಪ್ಪಾಳೆ ತಟ್ಟಿದ. ತಂಡ ಸೋತ ನೋವಿಗಿಂತ ತನ್ನ ಮಾತು ನಿಜವಾದ ಸುಖ ದೊಡ್ಡದು ಎಂಬುದನ್ನು ಅವನ ಮುಖದಲ್ಲಿ ಅವತ್ತು ಕಂಡೆ.

ಅಂಥವನಿಗೆ ಜೂನ್ 3 ಬಂತು. ಅಹಮದಾಬಾದಿನ ಫೈನಲ್ಲು, ಆರ್‌ಸಿಬಿಯವರು 190 ಹೊಡೆದು, ಪಂಜಾಬನ್ನು 184ಕ್ಕೆ ನಿಲ್ಲಿಸಿ, ಆರು ರನ್ನಿನಿಂದ ಗೆದ್ದರು. 17 ರನ್ನಿಗೆ ಎರಡು ವಿಕೆಟ್ ಕಿತ್ತು ಪಂದ್ಯ ತಿರುಗಿಸಿದವನು ಯಾರು? ತಮ್ಮನನ್ನು ಬಿಟ್ಟು ತಂದ ಅದೇ ಅಣ್ಣ. ವಯಸ್ಸಾದ ಎತ್ತೂ ಎರಡು ವಿಕೆಟ್ ತೆಗೆದಿತ್ತು. ರಾತ್ರಿ ಫೋನು ಮಾಡಿದ. ಅಳುತ್ತಿದ್ದ. ಸ್ವಲ್ಪ ಹೊತ್ತಿಗೆ ದನಿ ಸರಿಮಾಡಿಕೊಂಡು, “ಹರಾಜಿನ ದಿನಾನ ನಾ ಹೇಳಿದ್ನಿಲ್ಲ, ಈ ಸಲ ಟೀಮ್ ಚಲೋ ಕಟ್ಯಾರಂತ?” ಎಂದ. ನಾನು ಹೌದರಿ ಅಣ್ಣಾರ. ಮತ್ತೇನು ಹೇಳಲಿ? ಆ ರಾತ್ರಿ ಊರೂರಲ್ಲಿ ಪಟಾಕಿ ಸಿಡಿಯುವಾಗ ಸತ್ಯ ಹೇಳುವುದು ಸಣ್ಣತನ.

ಮರುದಿನ ಸಂಜೆ, ಗೆಲುವಿನ ಸಂಭ್ರಮಕ್ಕೆ ಜನ ಸೇರಿದ್ದಾಗ, ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ಕಾಲ್ತುಳಿತದಲ್ಲಿ 11 ಮಂದಿ ಸತ್ತರು. ಷಡ್ಡಕನ ಮಗ ಬೆಂಗಳೂರಿನಲ್ಲಿ ಇಂಜಿನಿಯರಿಂಗ್ ಓದುತ್ತಾನೆ. ಮೆರವಣಿಗೆಯ ವಿಡಿಯೋ ಕಳಿಸು ಎಂದು ಅವನಿಗೆ ಬೆಳಿಗ್ಗೆ ಹೇಳಿದವನು ಅಪ್ಪನೇ. ಹುಡುಗನ ಫೋನು ಹತ್ತುತ್ತಿರಲಿಲ್ಲ. ರಾತ್ರಿ ಹತ್ತಿತು, ಜನ ನೋಡಿ ಹೆದರಿ ಅವನು ದೂರದಿಂದಲೇ ರೂಮಿಗೆ ಮರಳಿದ್ದ. ಅದಾದ ಮೇಲೆ ಕೆಲವು ತಿಂಗಳು ಷಡ್ಡಕನ ಬಾಯಲ್ಲಿ ಮ್ಯಾನೇಜಮೆಂಟಿನ ಹೆಸರು ಬರಲಿಲ್ಲ. ಬೈಯಬೇಕಾದ ದಿನ ಬಂದಾಗ ಅವನಿಗೆ ಬೈಗುಳ ಸಾಕಾಗಲಿಲ್ಲವೇನೋ. ಅತ್ತೆಮನೆಯ ಪಡಸಾಲೆ ಬಿಕೋ ಎನ್ನುತ್ತಿತ್ತು. ನಾನು, ಹೇಳಲು ನಾಚಿಕೆ, ಒಂದು ಸಂಜೆ ನಾನೇ 659ರ ಮಾತು ತೆಗೆದೆ. “ಬಿಡ ತಮ್ಮಾ,” ಎಂದ.

ಅವನನ್ನು ಎಬ್ಬಿಸಲು ಬೆಳಗಾವಿ ಪ್ಯಾಂಥರ್ಸ್ ಸುದ್ದಿ ಎತ್ತಿದೆ. ಅದು ಹಳೆಯ ಗಾಯ. 2017ರಲ್ಲಿ ಕರ್ನಾಟಕ ಪ್ರೀಮಿಯರ್ ಲೀಗ್ ಗೆದ್ದ ನಮ್ಮ ಜಿಲ್ಲೆಯ ತಂಡ. 2019ರಲ್ಲಿ ಬೆಟ್ಟಿಂಗ್ ಆರೋಪದ ಮೇಲೆ ತಂಡದ ಮಾಲೀಕರ ಬಂಧನವಾಯಿತು, ಲೀಗೇ ನಿಂತಿತು. ವಂಚನೆಯ ಪ್ರಕರಣವನ್ನು 2022ರಲ್ಲಿ ಹೈಕೋರ್ಟು ರದ್ದು ಮಾಡಿತು, ಅದು ಬೇರೆ ಮಾತು. ಅದೇ ವರ್ಷ ಮಹಾರಾಜ ಟ್ರೋಫಿ ಎಂದು ಹೊಸ ಲೀಗು ಬಂದಾಗ ಆರು ತಂಡಗಳಿದ್ದವು, ಬೆಳಗಾವಿ ಇರಲಿಲ್ಲ. ಹುಬ್ಬಳ್ಳಿಗೆ ತಂಡ ಉಂಟು, ಬೆಳಗಾವಿಗಿಲ್ಲ! ಈ ಮಾತಿಗೆ ಅವನು ಸತ್ತಿದ್ದರೂ ಎದ್ದು ಕೂರುತ್ತಾನೆಂದು ನನ್ನ ಎಣಿಕೆ. ಕಣ್ಣು ಸ್ವಲ್ಪ ಮಿನುಗಿತು, ಅಷ್ಟೇ. ಕೊನೆಗೆ ಹಾಕಿಗೂ ಕೈ ಹಾಕಿದೆ. 1964ರ ಟೋಕಿಯೊ ಒಲಿಂಪಿಕ್ಸಿನ ಚಿನ್ನದ ತಂಡದಲ್ಲಿ ನಮ್ಮ ಬೆಳಗಾವಿಯ ಬಂಡು ಪಾಟೀಲರಿದ್ದರು, ಈಗ ಮತ್ತೆ ಶುರುವಾದ ಹಾಕಿ ಲೀಗಿನ ಗಂಡಸರ ಎಂಟು ತಂಡಗಳಲ್ಲಿ ಕರ್ನಾಟಕದ್ದು ಒಂದೂ ಇಲ್ಲ, ನೋಡ್ರಿ ಅಣ್ಣಾರ ಎಂದೆ. ಅವನು ನಿಟ್ಟುಸಿರುಬಿಟ್ಟ. “ಟೀಮ್ ಇಲ್ಲಂದ್ರ ಬೈಯಾಕ ಮ್ಯಾನೇಜಮೆಂಟು ಎಲ್ಲಿಂದ ತರೂದು?”

ಅವನನ್ನು ನಿಜವಾಗಿ ಎಬ್ಬಿಸಿದ್ದು ಮಗ. ಅಮೆರಿಕದಲ್ಲಿ ಗ್ರೀನ್ ಬೇ ಎಂಬ ಊರಿದೆ, ಒಂದು ಲಕ್ಷದ ಆಸುಪಾಸು ಜನ. ಅದರ ಫುಟ್‌ಬಾಲ್ ತಂಡ ಪ್ಯಾಕರ್ಸ್‌ಗೆ ಒಬ್ಬ ಮಾಲೀಕನಿಲ್ಲ. 1923ರಿಂದ ಜನರೇ ಷೇರುದಾರರು, ಈಗ ಐದು ಲಕ್ಷಕ್ಕೂ ಮೇಲೆ. ಡಿವಿಡೆಂಡ್ ಇಲ್ಲ. ವರ್ಷಕ್ಕೊಮ್ಮೆ ಕ್ರೀಡಾಂಗಣದಲ್ಲೇ ಷೇರುದಾರರ ಸಭೆ. ಮಗ ಇಷ್ಟು ಹೇಳುವಷ್ಟರಲ್ಲಿ ಅಪ್ಪ ಎದ್ದು ನಿಂತಿದ್ದನಂತೆ. “ಅಂದ್ರ ನಮ್ಮ ಹುಕ್ಕೇರಿ ಕರೆಂಟ್ ಸೊಸಾಯಿಟಿ ಆತಲ್ಲೋ ಅದು! ಡಿವಿಡೆಂಡ್ ಇಲ್ಲಂದ್ರ ನಮಗ ಮೊದಲಿಂದ ರೂಢಿ ಐತಿ.”

ನವೆಂಬರ್ ಬಂತು. ಕಬ್ಬಿಗೆ ಟನ್ನಿಗೆ 3,500 ರೂಪಾಯಿ ಬೇಕೆಂದು ಮೂಡಲಗಿ ತಾಲ್ಲೂಕಿನ ಗುರ್ಲಾಪುರ ಕ್ರಾಸಿನಲ್ಲಿ ಸಾವಿರಾರು ರೈತರು ರಸ್ತೆಯಲ್ಲೇ ಕೂತರು. ಮುಂದೆ 7ರಂದು ಸರಕಾರ 3,300ಕ್ಕೆ ಗಂಟು ಹಾಕಿತು. ಜನರಲ್ ಬಾಡಿಯಲ್ಲಿ ಚಪ್ಪಲಿ ನೋಡುವ ನನ್ನ ಷಡ್ಡಕ ಅಲ್ಲಿ ಹಸಿರು ಶಾಲು ಹೊದ್ದು ಕೂತಿದ್ದ, ರಾತ್ರಿಯೂ. ಅದೇ ವಾರ, 5ನೇ ತಾರೀಕು, ಆರ್‌ಸಿಬಿಯಲ್ಲಿ ತಮ್ಮ ಹೂಡಿಕೆಯ ಮರುಪರಿಶೀಲನೆ ನಡೆದಿದೆ ಎಂದು ಮಾಲೀಕ ಕಂಪನಿ ಷೇರುಪೇಟೆಗೆ ತಿಳಿಸಿತು. ತಂಡ ಮಾರಾಟಕ್ಕಿದೆ ಎಂದು ಪತ್ರಿಕೆಗಳು ಬರೆದವು.

ಶಾಲೆ ಬಿಟ್ಟ ಮೇಲೆ ನಾನು ಅವನಿಗೆ ರೊಟ್ಟಿ ಬುತ್ತಿ ಒಯ್ದಾಗ, ಪತ್ರಿಕೆಯ ಅಂಚಿನಲ್ಲಿ ಲೆಕ್ಕ ನಡೆದಿತ್ತು. ಸುತ್ತ ಹತ್ತು-ಹದಿನೈದು ಮಂದಿ. “ಟನ್ನಿಗೆ ಹತ್ತ ರೂಪಾಯಿ ಬಿಲ್ಲಿನ್ಯಾಗ ಹಿಡಕೊಳ್ಳಲಿ. ಕಾರ್ಖಾನೆ ಕಟ್ಟೂವಾಗ ಹಿಡದಿದ್ದಿಲ್ಲ? ಬೆಳಗಾವಿ, ಬಾಗಲಕೋಟಿ, ವಿಜಯಪುರ ಕೂಡಿದ್ರ ಆ ಲಂಡನ್ನಿನಾವ ತಾನ ಬರ್ತಾನ ಗುರ್ಲಾಪುರಕ್ಕ.” ಕಣ್ಣುಗಳಲ್ಲಿ ಹಳೆಯ ಬೆಂಕಿ.

“ಚೇರಮನ್ ಯಾರು?” ಎಂದು ಯಾರೋ ಕೇಳಿದರು.

ಗೋಕಾಕದವರು ತಮ್ಮ ಊರು ದೊಡ್ಡದೆಂದರು. ಹುಕ್ಕೇರಿಯವರು 1969ರಿಂದ ಕರೆಂಟನ್ನೇ ಸಂಭಾಳಿಸಿದವರಿಗೆ ಕ್ರಿಕೆಟ್ ಯಾವ ಲೆಕ್ಕ ಎಂದರು. ಕೂತಿದ್ದವರು ಕೂತಲ್ಲೇ ಎರಡು ಪ್ಯಾನೆಲ್ ಆದರು. ರೊಟ್ಟಿ ಹಂಚುವಾಗಲೂ ಆಚೆ ಪ್ಯಾನೆಲ್ಲಿನವರಿಗೆ ಚಟ್ನಿ ಹೋಗಲಿಲ್ಲ. ಮೂಡಲಗಿಯ ಮುದುಕರೊಬ್ಬರು ಇಬ್ಬರ ಕಡೆಗೂ ನೋಡಿ ಕೇಳಿದರು: “ಮೆಂಬರಿಗೆ ಸಕ್ಕರಿ ಕೊಟ್ಟಂಗ ಟಿಕೀಟು ಸವಲತ್ತಿನ ದರಕ್ಕ ಕೊಡ್ತೀರೇನಪಾ?”

ನನ್ನ ಷಡ್ಡಕ ಗಂಟಲು ಸರಿಮಾಡಿಕೊಂಡ. “ಅದನ್ನ ಜನರಲ್ ಬಾಡಿಯೊಳಗ ಇಡೂಣು ಬಿಡ್ರಿ.”